ಕ್ಯಾಪ್ಟನ್ ಮನೋಲಿಯ ಹಡಗು

“ಸಂಜಿ ಐದಕ್ಕ ಕಮಿಟಿ ಕೂಡತೈತಿ. ಎಲ್ಲಾರ ಮುಂದ ಇದಕ್ಕೊಂದು ಸಹಿ ಮಾಡತೇನಿ, ಠಾಣೇಕ ಕಳಸತೇನಿ. ಅಲ್ಲೀತನಕ ಏನ್ ಕೇಳತೀರಿ ಕೇಳ್ರಿ, ಬಾಯಾರ.”

ಕಾರ್ಯದರ್ಶಿ ಸಿದ್ಧಾರೂಢ ಫಿರ್ಯಾದಿಯ ಕಾಗದವನ್ನು ಸುಂದರವ್ವನಿಗೆ ಕಾಣುವ ಹಾಗೆ ಮೇಜಿನ ಮೇಲೆ ತಿರುಗಿಸಿಟ್ಟ. ಬಾಯಲ್ಲಿ ‘ಸಾಹೇಬ್ರ’ ಅನ್ನುತ್ತಿದ್ದರೂ ಸುಂದರವ್ವ ಮನಸ್ಸಿನಲ್ಲಿ ಅವನನ್ನು ಏಕವಚನಕ್ಕೆ ಇಳಿಸಿ ಆಗಲೇ ಬಹಳ ಹೊತ್ತಾಗಿತ್ತು.

ಕಾಗದದಲ್ಲಿದ್ದದ್ದು ಇಷ್ಟು: ಕಟಕೋಳದ ಲೈನ್‌ಮನ್ ಶಂಕ್ರೆಪ್ಪನ ಮಗಳು ಭಾಗ್ಯಾ, ಕಿತ್ತೂರಿನ ಈ ವಸತಿ ಶಾಲೆಯ ಇಂಗ್ಲಿಷ್ ಶಿಕ್ಷಕಿಯ ಹುದ್ದೆಯ ಆಸೆಗೆ, ಮುಚ್ಚಿದ ಲಕೋಟೆಯಲ್ಲಿದ್ದ ಉತ್ತರವನ್ನು ಕದ್ದು ಓದಿದ್ದಾಳೆ.

ಅದು ಒಮ್ಮೆ ಠಾಣೆಯ ಹೊಸ್ತಿಲು ದಾಟಿತೋ, ಈ ಕೆಲಸದ ಮಾತು ಹಾಗಿರಲಿ, ಹುಡುಗಿ ಮನೋಳಿಯ ಶಾಲೆಯಲ್ಲಿ ಈಗ ಮಾಡುತ್ತಿರುವ ಅತಿಥಿ ಶಿಕ್ಷಕಿಯ ಕೆಲಸವೂ ಹೋಗುತ್ತದೆ. ಕಳ್ಳಿ ಎಂದು ಹೆಸರು ಬಿದ್ದವಳ ಕೈಗೆ ಯಾವ ಶಾಲೆಯವರು ಸೀಮೆಸುಣ್ಣ ಕೊಟ್ಟಾರು?

ಸುಂದರವ್ವ ಪೊಲೀಸ್ ಹವಾಲ್ದಾರಳಾಗಿದ್ದು ನಿವೃತ್ತಳಾದವಳು. ಈಗ ಬೈಲಹೊಂಗಲದ ಅರಳೆ ಪೇಟೆಯ ಹತ್ತಿರ, ಬೀಜದ ಅಂಗಡಿಯ ಮಾಳಿಗೆಯಲ್ಲೊಂದು ಖೋಲಿ ಹಿಡಿದು, ಜನ ಕಳೆದುಕೊಂಡದ್ದನ್ನು ಹುಡುಕಿಕೊಡುತ್ತಾಳೆ. ಮಗಳ ಮಾನವನ್ನು ಹುಡುಕಿಕೊಡಿರೆಂದು ಬಂದವನು ಶಂಕ್ರೆಪ್ಪನೇ ಮೊದಲಿಗ.

“ಆಕಿ ಹೇಳಿದ ಉತ್ತರ ಸುಳ್ಳೇನ್ರಿ ಸಾಹೇಬ್ರ?”

“ಸುಳ್ಳು ಯಾಕ ಆಗತೈತಿ? ಖರೇನಽ ಐತಿ. ಅದಽ ಆಕಿ ತಪ್ಪು.”

ಈ ಮಾತನ್ನು ಆತ ನಾಚಿಕೆಯಿಲ್ಲದೆ ಹೇಳಿದ. ಸುಂದರವ್ವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ನೀವಽ ವಿಚಾರ ಮಾಡ್ರಿ, ಬಾಯಾರ. ಸ್ಕಲ್‌ಡಗರಿ. ಇಷ್ಟ ವರ್ಷ ಸಂಸ್ಥಾ ನಡಸೇನಿ, ನಾನಽ ಈ ಶಬ್ದ ಕೇಳಿರಲಿಲ್ಲ. ಕಟಕೋಳದ ಆ ಓಣಿಯಿಂದ ಬಂದಾಕಿಗೆ ಹೆಂಗ ಗೊತ್ತಾತು?”

“ಯಾವ ಓಣಿ?”

“ಅದನ್ನೂ ನಾ ಹೇಳಬೇಕೇನು?”

ಹೇಳಬೇಕಾಗಿರಲಿಲ್ಲ. ಶಂಕ್ರೆಪ್ಪನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಅದರ ಕೆಳಗೆ ಮಗಳ ಎಂ.ಎ. ಪದವಿಯ ಫೋಟೋ ಇದೆ. ಓದಬೇಕು, ಮುಂದೆ ಬರಬೇಕು ಎಂದು ವೇದಿಕೆ ಮೇಲೆ ಭಾಷಣ ಬಿಗಿಯುವ ಜನವೇ, ಓದಿ ಮುಂದೆ ಬಂದವಳನ್ನು ಕಂಡು ‘ಎಲ್ಲಿಂದ ಕದ್ದೆ’ ಎಂದು ಕೇಳುತ್ತಾರೆ.

ಪರೀಕ್ಷೆ ನಡೆದ ರೀತಿ ಸರಳವಾಗಿತ್ತು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಶಬ್ದ. ಒಬ್ಬೊಬ್ಬರಾಗಿ ಬಂದು ಅದರ ಅರ್ಥವನ್ನೂ ಅದು ಹುಟ್ಟಿದ ಬಗೆಯನ್ನೂ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಶಬ್ದವನ್ನು ಆರಿಸಿದವರು ಮನೋಳಿಯ ಬಸಯ್ಯನವರು, ನಿವೃತ್ತ ಪ್ರೊಫೆಸರು. ಶಬ್ದವನ್ನು ಅವರು ಅಂದು ಬೆಳಗ್ಗೆ ಫೋನಿನಲ್ಲಿ ಹೇಳಿದರು. ಅದರ ಉತ್ತರ ಮಾತ್ರ ಮೊದಲೇ ಮೊಹರು ಬಿದ್ದ ಎರಡು ಲಕೋಟೆಗಳಲ್ಲಿ ಹೋಗಿತ್ತು. ಒಂದು ಈ ಕಚೇರಿಯ ಕಪಾಟಿಗೆ, ಇನ್ನೊಂದು ರಾಮದುರ್ಗದಲ್ಲಿರುವ ಎರಡನೆಯ ಪರೀಕ್ಷಕರಾದ ಕಾಂತೇಶ ಮಾಸ್ತರರಿಗೆ.

ಮೊದಲ ಪಾಳಿ ಭಾಗ್ಯಾಳದು; ಕಾಂತೇಶ ಮಾಸ್ತರರು ಇನ್ನೂ ಬಂದು ಮುಟ್ಟಿರಲಿಲ್ಲ. ಅವಳು ನಿರರ್ಗಳವಾಗಿ ಹೇಳಿ ಮುಗಿಸಿದಳು. ಸಿದ್ಧಾರೂಢ ಎದ್ದು ಕಪಾಟು ತೆಗೆದ, ಲಕೋಟೆಯ ಮೊಹರು ಒಡೆದಿದೆ ಎಂದು ಕೂಗಿದ. ಪರೀಕ್ಷೆ ಅಲ್ಲಿಗೆ ನಿಂತಿತು. ಆ ಹುದ್ದೆಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಅಭ್ಯರ್ಥಿ ಮಧು, ಸಿದ್ಧಾರೂಢನ ಅಕ್ಕನ ಮಗ, ತನ್ನ ಪಾಳಿ ಬರುವ ಮೊದಲೇ ಗೆದ್ದ ಹಾಗಾಯಿತು.

“ಲಕೋಟ್ಯಾಗಿನ ಉತ್ತರ ನೀವು ಓದಿದ್ರೇನು?” ಎಂದು ಸುಂದರವ್ವ ಕೇಳಿದಳು.

“ಓದದ ಹೇಳತೇನೇನ್ರಿ? ಶಬ್ದಕ್ಕ ಶಬ್ದ, ಅದನ್ನಽ ಹೇಳ್ಯಾಳ.”

“ಶಬ್ದಕ್ಕ ಶಬ್ದ?”

“ಶಬ್ದಕ್ಕ ಶಬ್ದ.”

ಸುಂದರವ್ವ ತಲೆ ತಗ್ಗಿಸಿದಳು. ಈತ ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಬೆಳಗ್ಗೆಯೇ ಗೊತ್ತಾಗಿತ್ತು. ಆದರೆ ಅದನ್ನು ಈಗಲೇ ಬಾಯಿ ಬಿಡಬಾರದು ಎಂದು ಬಸಯ್ಯನವರು ಹೇಳಿ ಕಳಿಸಿದ್ದರು.

*

ಶಬ್ದದ ಅರ್ಥವನ್ನು ಸುಂದರವ್ವ ಹಿಂದಿನ ದಿನವೇ, ಅಪ್ಪನ ಜೊತೆ ಬಂದ ಭಾಗ್ಯಾಳನ್ನು ತನ್ನ ಖೋಲಿಯಲ್ಲಿ ಕೂಡಿಸಿಕೊಂಡು ಕೇಳಿದ್ದಳು.

“ಸ್ಕಲ್ ಅಂದ್ರ ತಲಿಬುರುಡಿ ರೀ. ಅದಕ್ಕ ಎಲ್ಲಾರೂ ಇದು ಬುರುಡಿ ಅಗಿಯೋ ಮಾತು ಅಂತ ತಿಳೀತಾರ. ಬುರುಡಿಗೂ ಇದಕ್ಕೂ ಸಂಬಂಧಽ ಇಲ್ಲ. ಸ್ಕಾಟ್ಲೆಂಡಿನ್ಯಾಗ ಸ್ಕಲ್‌ಡಡರಿ ಅಂತ ಒಂದು ಹಳೇ ಮಾತಿತ್ತು. ಅಮೆರಿಕಾಕ್ಕ ಹೋಗಿ ಅದು ಹಿಂಗಾತು. ಈಗ ಅದರ ಅರ್ಥ, ಮ್ಯಾಲ ಸಂಭಾವಿತರಂಗ ಇದ್ದು ಒಳಗೊಳಗ ಮಸಲತ್ತು ಮಾಡೂದು.”

“ನಮ್ಮ ಕಡೆ ಅದಕ್ಕ ಭಾನಗಡಿ ಅಂತೀವಿ. ಮೊದಲ ಏನ್ ಅರ್ಥ ಇತ್ತು?”

ಭಾಗ್ಯಾ ಅಪ್ಪನ ಕಡೆ ನೋಡಿ ಸುಮ್ಮನಾದಳು. ಶಂಕ್ರೆಪ್ಪ ನೀರು ಕುಡಿಯಲು ಎದ್ದುಹೋದ ಮೇಲೆ ಮೆಲ್ಲಗೆ, “ಹಾದರ ರೀ,” ಎಂದಳು. “ಮಕ್ಕಳ ಮುಂದ ನಾ ‘ಕೆಟ್ಟ ನಡತಿ’ ಅಂತ ಹೇಳಿದೆ.”

“ಇದೆಲ್ಲಾ ನಿನಗ ಎಲ್ಲಿ ಸಿಕ್ಕಿತು?”

“ಧಾರವಾಡದಾಗ ಓದೂವಾಗ ಒಂದು ಪೇಪರಿನ್ಯಾಗ ಈ ಶಬ್ದ ಬಂದಿತ್ತು. ಬುರುಡಿ ಅಗದ್ರ ಮೋಸ ಹೆಂಗ ಆಗತೈತಿ ಅಂತ ತಲಿ ಕೆಡತು. ಲೈಬ್ರರಿಗೆ ಹೋಗಿ ದೊಡ್ಡ ಡಿಕ್ಷನರಿ ತಗದು ನೋಡಿದೆ.”

“ಆ ಸ್ಕಾಟ್ಲೆಂಡಿನ ಮಾತರೆ ಎಲ್ಲಿಂದ ಬಂತು?”

“ಅದು ಯಾರಿಗೂ ಗೊತ್ತಿಲ್ರಿ. ನಾನೂ ಅಲ್ಲಿ ಹಂಗಽ ಹೇಳಿದೆ, ಗೊತ್ತಿಲ್ಲ ಅಂತ.”

ಸುಂದರವ್ವನಿಗೆ ಹುಡುಗಿಯ ಮೇಲೆ ನಂಬಿಕೆ ಕೂತದ್ದು ಆ ‘ಗೊತ್ತಿಲ್ಲ’ ಎಂಬ ಮಾತಿನಿಂದ. ಠಾಣೆಯಲ್ಲಿ ಅವಳು ಕಂಡ ಹಾಗೆ, ಬಾಯಿಪಾಠ ಮಾಡಿ ಬಂದವರು ಎಲ್ಲವನ್ನೂ ಹೇಳುತ್ತಾರೆ, ಎಲ್ಲಿಯೂ ನಿಲ್ಲುವುದಿಲ್ಲ.

ಈ ದಿನ ಬೆಳಗ್ಗೆ ಮನೋಳಿಗೆ ಹೋದಾಗ ಬಸಯ್ಯನವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ತೂಗುಮಂಚದ ಮೇಲೆ ಕೂತಿದ್ದರು. ಪರೀಕ್ಷೆ ಏಕೆ ನಿಂತಿತೆಂದು ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಭಾಗ್ಯಾ ಕೊಟ್ಟ ಉತ್ತರವನ್ನು ಕೇಳಿ ಅವರು ಹೊಟ್ಟೆ ಅಲುಗುವಷ್ಟು ನಕ್ಕರು.

“ಇದು ಖರೇ ಉತ್ತರ. ಲಕೋಟ್ಯಾಗ ನಾ ಖರೇ ಉತ್ತರ ಇಟ್ಟಽ ಇಲ್ಲ, ಸುಂದರವ್ವ.”

ಹಿಂದೆ ಎಂದೋ ಅವರು ತೆಗೆದ ಪ್ರಶ್ನೆಪತ್ರಿಕೆಯೊಂದು ಬಯಲಾಗಿ ಅವರ ಹೆಸರೂ ಕೆಟ್ಟಿತ್ತಂತೆ. ಅಂದಿನಿಂದ ಅವರದೊಂದು ರೂಢಿ. ಲಕೋಟೆಯಲ್ಲಿ ಸುಳ್ಳು ಉತ್ತರ ಇಡುವುದು, ನಿಜವಾದದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು. ಲಕೋಟೆ ಎರಡಾದರೆ ಸುಳ್ಳೂ ಎರಡು.

“ಯಾವ ಸುಳ್ಳು ಹೊರಗ ಬಂತು ನೋಡಿದ್ರ, ಯಾವ ಲಕೋಟಿ ಒಡದಾರ ತಿಳೀತೈತಿ. ಕಿತ್ತೂರಿಗೆ ಕಳಿಸಿದ್ರಾಗ ಮಸಣದ ಕಥಿ ಬರದೇನಿ. ಮಸಣ ಅಗದು ಬುರುಡಿ ಮಾರೋ ಒಬ್ಬ ಮನಶ್ಯಾ, ಅವನಿಂದ ಈ ಶಬ್ದ ಬಂತು ಅಂತ. ರಾಮದುರ್ಗಕ್ಕ ಕಳಿಸಿದ್ರಾಗ ಹಡಗಿನ ಕಥಿ. ಕಳ್ಳ ಮಾಲು ಸಾಗಸೋ ಹಡಗು, ಅದರ ಕ್ಯಾಪ್ಟನ್ ಹೆಸರು ಮನೋಲಿ.”

“ಮನೋಲಿ ಅಂದ್ರ?”

“ನಮ್ಮೂರಽ. ಯಾವ ಪುಸ್ತಕದಾಗೂ ಸಿಗಬಾರದು ಅಂತ ಇಟ್ಟೆ. ಬಿಳೇ ಮನಶ್ಯಾನ ಹೆಸರಿದ್ದಂಗಽ ಕೇಳಸತೈತಿ.”

ರಾಮದುರ್ಗದ ಲಕೋಟೆ ಮುಟ್ಟಿದೆ ಎಂದು ಕಾಂತೇಶ ಮಾಸ್ತರರು ಫೋನು ಮಾಡಿದ್ದರು. ಸುಂದರವ್ವನ ತಲೆಯ ತುಂಬ ಕಿತ್ತೂರಿನ ಲಕೋಟೆಯೇ ಇದ್ದುದರಿಂದ ಇನ್ನೊಂದರ ಮಾತು ಅಲ್ಲಿಗೇ ಮುಗಿಯಿತು.

“ಹಂಗಾರ ಭಾಗ್ಯಾ ಕದ್ದಿಲ್ಲ ಅಂತ ಸಿದ್ಧ ಆತಲ್ರಿ. ಈಗಽ ಹೋಗಿ ಹೇಳತೇನಿ.”

“ಹೇಳಬ್ಯಾಡ. ಕದ್ದು ಓದಿ, ಸಂಶಯ ಬಂದು, ಡಿಕ್ಷನರಿ ನೋಡಿ ತಿದ್ದಿಕೊಂಡಾಳ ಅಂತಾರ. ಅವರ ಬಾಯಿ ಮುಚ್ಚಸಬೇಕಂದ್ರ ಖರೇ ಕಳ್ಳ ಸಿಗಬೇಕು. ನನ್ನ ಸುಳ್ಳು ಯಾರ ಬಾಯಾಗ ಬರತೈತಿ ಅದನ್ನ ನೋಡು.”

*

ಚಹಾದ ಕಪ್ಪುಗಳು ಬಂದವು, ಅವುಗಳ ಹಿಂದೆಯೇ ಮಧು 'ಮಾಮಾ' ಎನ್ನುತ್ತಾ ಬಂದ. ಇಸ್ತ್ರಿ ಮಾಡಿದ ಅಂಗಿ, ಆಗಲೇ ಮಾಸ್ತರನಾದವನ ನಡಿಗೆ. ಸುಂದರವ್ವ ಸೆರಗು ಸರಿಮಾಡಿಕೊಂಡು ತನ್ನ ಮುಖವನ್ನು ಎಷ್ಟು ಸಾಧ್ಯವೋ ಅಷ್ಟು ಹಳ್ಳಿಗಾಡಾಗಿ ಮಾಡಿಕೊಂಡಳು.

“ಬಾ ತಮ್ಮಾ, ಕುಂದರು. ನಿನ್ನ ಪಾಳಿ ಬರಲೇ ಇಲ್ಲಂತಲ್ಲ. ಕಷ್ಟಪಟ್ಟು ತಯಾರಿ ಮಾಡಿರತೀಯಿ, ಹೊಟ್ಟಿ ಉರಿಯೂದಿಲ್ಲೇನು?”

“ಏನ್ ಮಾಡೂದ್ರಿ ಅಕ್ಕಾರ. ಮಂದಿ ಮಾಡಿದ ತಪ್ಪಿಗೆ ನಾವು ಕುಂದ್ರಬೇಕು.”

“ನನಗ ಇಂಗ್ಲಿಷ್ ಬರೂದಿಲ್ಲ. ಈ ಶಬ್ದದ ಸಲುವಾಗಿ ಇಷ್ಟೆಲ್ಲಾ ರಾಮಾಯಣ ಆಗಾಕ ಹತ್ತೇತಿ, ಇದು ಎಲ್ಲಿಂದ ಬಂತು ಅನ್ನೂದಽ ಗೊತ್ತಿಲ್ಲ ನನಗ. ನೀ ಪಾಠ ಮಾಡಿದ್ರ ಹೆಂಗ ಮಾಡತಿದ್ದಿ?”

ಮಧು ಮಾಮನ ಕಡೆ ನೋಡಿದ. ಸಿದ್ಧಾರೂಢ ಹೆಮ್ಮೆಯಿಂದ ಕೈ ಬೀಸಿದ.

“ಹೇಳೋ. ಬಾಯಾರೂ ತಿಳಕೊಳ್ಳಲಿ, ನಮ್ಮ ಹುಡುಗರಿಗೂ ಬರತೈತಿ ಅಂತ.”

ಮಧು ಎದ್ದೇ ನಿಂತ. ಸುಂದರವ್ವ ಮಸಣಕ್ಕಾಗಿ ಕಾದು ಕೂತಿದ್ದಳು. ಗುದ್ದಲಿ ಬರಲಿ, ಬುರುಡೆ ಬರಲಿ, ಈ ಮಾಮನನ್ನೂ ಅಳಿಯನನ್ನೂ ಒಟ್ಟಿಗೆ ಹಿಡಿಯುತ್ತೇನೆ ಎಂದುಕೊಂಡಳು.

“ಲಿವರ್‌ಪೂಲ್ ಅಂತ ಒಂದು ಬಂದರ ಐತ್ರಿ, ಇಂಗ್ಲೆಂಡಿನ್ಯಾಗ. ಅಲ್ಲಿಂದ ಒಂದು ಹಡಗ ಹೊಂಡತಿತ್ತು.”

“ಹಡಗೇನು?”

“ಹಡಗ್ರಿ. ಅದರ ಮುಂದ ಬುರುಡಿ ಚಿತ್ರ ಬರದಿದ್ರು. ಅದನ್ನ ನೋಡಿ ಜಕಾತಿಯವರು ಅಂಜಿ ಹತ್ತರ ಬರತಿರಲಿಲ್ಲ. ಒಳಗೆಲ್ಲಾ ಕಳ್ಳ ಮಾಲು. ಅವತ್ತಿಂದ ಕಪಟಕ್ಕ ಸ್ಕಲ್‌ಡಗರಿ ಅನ್ನಾಕ ಹತ್ತಿದ್ರು.”

“ಅಡ್ಡಿಯಿಲ್ಲ, ಭಾಳ ಛಂದ ಹೇಳಿದಿ. ಆ ಹಡಗಿನಾಂವ ಯಾರು?”

“ಕ್ಯಾಪ್ಟನ್ ಮನೋಲಿ.”

ಸುಂದರವ್ವ ಕಪ್ಪನ್ನು ಬಸಿಯ ಮೇಲೆ ಇಟ್ಟಳು. ಇವನು ಓದಿದ್ದು ಈ ಕಪಾಟಿನ ಲಕೋಟೆಯನ್ನಲ್ಲ. ಇಲ್ಲಿನ ಒಡೆದ ಮೊಹರು ಬರೀ ನಾಟಕ, ಹುಡುಗಿಯ ತಲೆಗೆ ಕಟ್ಟಲು ಇವರೇ ಒಡೆದುಕೊಂಡದ್ದು. ಉತ್ತರ ಕದ್ದದ್ದು ರಾಮದುರ್ಗದ ಲಕೋಟೆಯಿಂದ.

“ಇದನ್ನ ಎಲ್ಲಿ ಓದಿದಿ, ತಮ್ಮಾ?”

“ನೆಟ್‌ನ್ಯಾಗ.”

“ನೆಟ್‌ನ್ಯಾಗ ಮನೋಳಿ ಊರಿನ ಕ್ಯಾಪ್ಟನ್ ಸಿಕ್ಕನೇನು?”

ಅಷ್ಟು ಹೊತ್ತು ತಡೆದಿಟ್ಟ ಸಿಟ್ಟು ಒಮ್ಮೆಗೇ ಹೊರಬಿತ್ತು. ಬಸಯ್ಯನವರ ರೂಢಿ, ಎರಡು ಲಕೋಟೆ, ಎರಡು ಸುಳ್ಳು, ಎಲ್ಲವನ್ನೂ ಅವಳು ಇಬ್ಬರ ಮುಂದೆ ಬಿಚ್ಚಿಟ್ಟಳು. ಮಧು ಕೂತರೂ ಕುರ್ಚಿಯ ತುದಿಯಲ್ಲಿ ಕೂತ.

“ನೀವೂ ಕೇಳ್ರಿ ಸಾಹೇಬ್ರ. ಶಬ್ದಕ್ಕ ಶಬ್ದ ಅಂದ್ರಿ. ನಿಮ್ಮ ಲಕೋಟ್ಯಾಗ ಇರೂದು ಮಸಣದ ಕಥಿ. ಆ ಹುಡುಗಿ ಮಸಣದ ಮಾತ ಎತ್ತಲೇ ಇಲ್ಲ. ಓದದಽ ಒಂದು ಹೆಣ್ಣುಮಗಳ ಹಣೇಕ ಕಳ್ಳಿ ಅಂತ ಬರದ್ರಿ. ನಿಮಗ ಮನ್ಯಾಗ ಹೆಣ್ಣುಮಕ್ಕಳಿಲ್ಲೇನು?”

“ಗಡಿಬಿಡಿಯಾಗ ಸರಿಯಾಗಿ ಓದಲಿಲ್ಲ, ಬಾಯಾರ.”

“ಫಿರ್ಯಾದಿ ಬರಿಯೂವಾಗ ಗಡಿಬಿಡಿ ಇರಲಿಲ್ಲಲ್ಲ.”

ಸಿದ್ಧಾರೂಢ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡ. ಅವನ ದನಿ ವಿಚಿತ್ರವಾಗಿ ತಣ್ಣಗಿತ್ತು.

“ಅಂದ್ರ ನಿಮ್ಮ ಮಾತಿನ ಪ್ರಕಾರ, ಕಳವು ಆದದ್ದು ರಾಮದುರ್ಗದ ಲಕೋಟ್ಯಾಗಿಂದ.”

“ಹೌದು.”

“ಕಾಂತೇಶ ಮಾಸ್ತರ ಅಂಥ ಕೆಲಸ ಮಾಡೂದಿಲ್ಲ. ಅದು ನಿಮಗೂ ಗೊತ್ತೈತಿ.”

“ಅವರ ಮ್ಯಾಲ ನನಗ ಸಂಶಯ ಇಲ್ಲ.”

“ಹಂಗಾರ ಮನೋಳಿಯಿಂದ ರಾಮದುರ್ಗಕ್ಕ ಹೋಗೂ ದಾರ್ಯಾಗ ಆಗಿರಬೇಕು. ಆ ಲಕೋಟಿ ಯಾರ ಕೈಯಾಗ ಹೋತೋ, ಅವರಽ ಕಳ್ಳರು. ಹೌದಲ್ರಿ?”

“ಅವರಽ,” ಎಂದಳು ಸುಂದರವ್ವ. “ಅವರಽ ಒಡದು ನಿಮ್ಮ ಅಳಿಯಗ ಕೊಟ್ಟಾರ. ಅದರಾಗ ಎರಡು ಮಾತಿಲ್ಲ.”

“ಕಮಿಟಿ ಮುಂದ ಹೇಳತೀರಿ?”

“ಒಮ್ಮೆ ಅಲ್ಲ, ಹತ್ತ ಸಲ ಹೇಳತೇನಿ. ಬೇಕಾರ ಬರಕೊಡತೇನಿ.”

“ಬ್ಯಾಡ ಬ್ಯಾಡ, ನೀವು ಬಾಯಿಲೆ ಹೇಳಿದ್ರ ಸಾಕು. ಕಾಂತೇಶ ಮಾಸ್ತರನ್ನೂ ಕರಸೇನಿ, ಒಳಗ ಕುಂತಾರ. ಅವರ ಮುಂದಽ ಆಗಲಿ.”

ಎದ್ದು ಬರುವಾಗ ಸುಂದರವ್ವನಿಗೆ ತನ್ನ ಗೆಲುವಿನಲ್ಲಿ ಏನೋ ಕೊರತೆ ಅನ್ನಿಸಿತು. ಸಿಕ್ಕಿಬಿದ್ದ ಮನುಷ್ಯ ಇಷ್ಟು ಸಮಾಧಾನವಾಗಿ ಇರುವುದುಂಟೆ? ಆದರೆ ಸಿಟ್ಟು ನೆತ್ತಿಗೇರಿದಾಗ ಇಂಥ ಸಂಶಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅವಳು ಬಾಗಿಲನ್ನು ದಡಾರೆಂದು ಎಳೆದುಕೊಂಡು ಹೊರಬಂದಳು.

*

ಶಾಲೆಯ ಪಡಸಾಲೆಯ ಬಾಕಿನ ಮೇಲೆ ಭಾಗ್ಯಾ, ಪಕ್ಕದಲ್ಲಿ ಶಂಕ್ರೆಪ್ಪ. ಕಮಿಟಿಯವರು ಒಬ್ಬೊಬ್ಬರಾಗಿ ಬಂದು ಒಳಗೆ ಹೋಗುತ್ತಿದ್ದರು. ಒಬ್ಬರಾದರೂ ಇವರನ್ನು ತಲೆ ಎತ್ತಿ ನೋಡಿರಲಿಲ್ಲ.

“ಏಳು, ಮುಖ ಒರಿಸಿಕೋ,” ಎಂದಳು ಸುಂದರವ್ವ. “ಮಧು ಸಿಕ್ಕಾನ. ನಿನ್ನ ಮ್ಯಾಲಿನ ಹೊಲಸು ಇವತ್ತಽ ತೊಳೀತೇನಿ.”

ಶಂಕ್ರೆಪ್ಪ ಕೈ ಮುಗಿದ. ಸುಂದರವ್ವ ಹಡಗಿನ ಕತೆಯನ್ನು ಹೇಳಿದಳು, ಕ್ಯಾಪ್ಟನ್ ಮನೋಲಿಯ ಹೆಸರು ಬಂದಾಗ ಭಾಗ್ಯಾ ಎಷ್ಟೋ ದಿನಗಳ ಮೇಲೆ ನಕ್ಕಳು.

“ಹಂಗಾರ ಅಂವ ಎಲ್ಲಿಂದ ಓದಿದ ರೀ ಅದನ್ನ?”

“ರಾಮದುರ್ಗದ ಲಕೋಟ್ಯಾಗಿಂದ. ಬಸಯ್ಯ ಸರ್ ಮನಿಯಿಂದ ಕಾಂತೇಶ ಮಾಸ್ತರ ಮನಿಗೆ ಹೋತಲ್ಲ, ಅದು. ದಾರ್ಯಾಗ ಒಡದಾರ.”

ಭಾಗ್ಯಾಳ ನಗು ಹಾಗೆಯೇ ನಿಂತಿತು.

“ಕಾಂತೇಶ ಮಾಸ್ತರ ಮನಿಗಾ? ಬಸ್ ಸ್ಟ್ಯಾಂಡ್ ಹಿಂದಿನ ಮನೀನಾ?”

“ಯಾಕ?”

“ಖಾಕಿ ಬಣ್ಣದ್ದು, ಹಿಂದ ಅರಗು ಹಚ್ಚಿದ್ದು?”

ಅರಗಿನ ಮಾತನ್ನು ಸುಂದರವ್ವ ಆಡಿರಲಿಲ್ಲ.

“ಅದನ್ನ ನಾನಽ ಒಯ್ದಿದ್ದೆ ರೀ,” ಎಂದಳು ಭಾಗ್ಯಾ. “ಮನೋಳಿಯಾಗ ಸರ್ ಮನಿ ಓಣಿಯಾಗಽ ನನ್ನ ಖೋಲಿ. ಶನಿವಾರ ಊರಿಗೆ ಹೊಂಟಿದ್ದೆ. ಅವರ ಮನ್ಯಾಗಿನ ಅಮ್ಮಾರು ಕರದು, ಹೆಂಗೂ ಆ ಕಡೆ ಹೊಂಟೀಯಲ್ಲ, ಇದೊಂದಿಷ್ಟು ರಾಮದುರ್ಗದಾಗ ಮುಟ್ಟಸು ಅಂತ ಕೊಟ್ರು. ಯಾವಾಗಲೂ ಹಂಗಽ ಕೊಡತಾರ್ರಿ, ಒಮ್ಮೆ ಉಪ್ಪಿನಕಾಯಿ, ಒಮ್ಮೆ ಲಗ್ನಪತ್ರಿಕಿ. ಒಳಗ ಏನೈತಿ ನನಗ ಗೊತ್ತಿರಲಿಲ್ಲ.”

“ಅವತ್ತಽ ಮುಟ್ಟಿಸಿದಿ?”

“ಇಲ್ರಿ. ಕಟಕೋಳಕ್ಕ ಇಳದೆ. ಸೋಮವಾರ ಮುಂಜಾನಿ ಅಪ್ಪನ ಕೂಡ ರಾಮದುರ್ಗಕ್ಕ ಹೋಗಿ ಕೊಟ್ಟೆ.”

“ಅಲ್ಲೀತನಕ?”

“ನಮ್ಮ ಮನ್ಯಾಗ, ಟಿವಿ ಮ್ಯಾಲ ಇತ್ತು,” ಎಂದ ಶಂಕ್ರೆಪ್ಪ. “ಐತವಾರ ಮನಿ ತುಂಬ ಮಂದಿ ಬಂದಿದ್ರು, ಬಾಯಾರ. ನನ್ನ ತಮ್ಮನ ಮಗಳನ್ನ ನೋಡಾಕ, ವರನ ಕಡ್ಯಾವರು.”

ಕೊರಿಯರಿಗೆ ಕೊಡುವುದನ್ನು ಬಿಟ್ಟು ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವ ಈ ಸೀಮೆಯ ಸಲಿಗೆಯ ಮೇಲೆ, ಕೇಳಬೇಕಾದ್ದನ್ನು ಬೆಳಗ್ಗೆ ಕೇಳದೆ ಬಂದ ತನ್ನ ಮೇಲೆ, ಸುಂದರವ್ವನಿಗೆ ಒಟ್ಟಿಗೇ ಸಿಟ್ಟು ಬಂತು. ಸಿದ್ಧಾರೂಢನ ಸಮಾಧಾನ ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು. ಲಕೋಟೆ ಯಾರ ಕೈಯಲ್ಲಿ ಹೋಯಿತೆಂದು ಅವನಿಗೆ ಮೊದಲೇ ಗೊತ್ತಿತ್ತು. ಒಯ್ದವರೇ ಕಳ್ಳರು ಎಂಬ ಮಾತನ್ನು ಅವನು ಅವಳ ಬಾಯಿಂದಲೇ ಹೇಳಿಸಿಕೊಂಡಿದ್ದ.

“ನಾ ಈಗ ಏನ್ ಮಾಡಲ್ರಿ?” ಎಂದಳು ಭಾಗ್ಯಾ.

“ಬಾಯಿ ಬಿಡಬ್ಯಾಡ. ಯಾರ ಮುಂದೂ ಈ ಮಾತ ಆಡಬ್ಯಾಡ. ಐತವಾರ ಬಂದವರು ಯಾರ‍್ಯಾರು ಅನ್ನೂದನ್ನ ಮೊದಲ ನನಗ ಹೇಳು.”

ಕಮಿಟಿಯ ಖೋಲಿಯ ಬಾಗಿಲು ತೆರೆಯಿತು. ಸಿದ್ಧಾರೂಢ ಪರದೆಯನ್ನು ಒಂದು ಕೈಯಿಂದ ಸರಿಸಿ ಹಿಡಿದಿದ್ದ. ಅವನ ಹಿಂದೆ ಬೆಳ್ಳನೆಯ ಧೋತರದ ಕಾಂತೇಶ ಮಾಸ್ತರರು, ಯಾರ ಕೇಡನ್ನೂ ಬಯಸದ ಮುದುಕರು, ಪಡಸಾಲೆಯತ್ತ ಕಣ್ಣು ಕಿರಿದು ಮಾಡಿ ನೋಡಿದರು. ಭಾಗ್ಯಾಳನ್ನು ಕಂಡು ಅವರ ಮುಖ ಅರಳಿತು.

“ಅಯ್ಯ, ನೀನಾ ಏನವಾ? ಒಳಗ ಆಗಿಂದ ಇವರು ಲಕೋಟಿ ತಂದಾಕಿ ಯಾರು, ಯಾರು ಅಂತ ಕೇಳಾಕ ಹತ್ಯಾರ. ಬಾ, ಬಂದು ನೀನಽ ಹೇಳು.”